ಅಂಕವಿದೆ, ರ‍್ಯಾಂಕ್ ಇದೆ, ಸೀಟಿಲ್ಲ

ಮೈಸೂರಿನ ವಿದ್ಯಾರಣ್ಯಪುರಂಗೂ ಎನ್‌ಐಇ ಕಾಲೇಜಿಗೂ ಪಿನ್‌ಕೋಡ್ ಒಂದೇ, 570008. ಭೂತಾಳೆ ಮೈದಾನದ ಕಡೆಯಿಂದ ಹೊರಟರೆ ಮಾನಂದವಾಡಿ ರಸ್ತೆಯ ಆ ಗೇಟಿಗೆ ಸೈಕಲ್ಲಿನಲ್ಲೇ ಹೋಗಿಬರಬಹುದು. 1946ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಅದು. ರೇಷ್ಮೆ ಕಾರ್ಖಾನೆಗೋ ರೈಲ್ವೆ ವರ್ಕ್‌ಶಾಪಿಗೋ ಹೋಗುವ ಅಪ್ಪಂದಿರು ಅದರ ಮುಂದೆ ಹಾದುಹೋಗುವಾಗಲೆಲ್ಲ ಮಗನನ್ನೋ ಮಗಳನ್ನೋ ಒಳಗೆ ಕಲ್ಪಿಸಿಕೊಂಡವರೇ. ಆದರೆ ಸರ್ಕಾರಿ ಕೋಟಾದಲ್ಲಿ ಆ ಗೇಟಿನೊಳಗೆ ಯಾರು ಹೋಗಬೇಕು ಎಂದು ತೀರ್ಮಾನವಾಗುವುದು ಮೈಸೂರಿನಲ್ಲಲ್ಲ, ಬೆಂಗಳೂರಿನ ಮಲ್ಲೇಶ್ವರಂ 18ನೇ ಕ್ರಾಸಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ, ಅಂದರೆ ಕೆಇಎಯಲ್ಲಿ. ಮನೆಯಲ್ಲಿ ಮೊದಲ ಮಗು ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿ ಬರೆದಿದೆ, ಪಿಯುಸಿಯಲ್ಲಿ ತೊಂಬತ್ತಾರು ಪರ್ಸೆಂಟ್ ಬಂದಿದೆ, ಮೊದಲ ಸುತ್ತಿನ ಫಲಿತಾಂಶದಲ್ಲಿ ಮಾತ್ರ ‘ನೋ ಸೀಟ್ ಅಲಾಟೆಡ್’ ಎಂದಿದೆ. ಅಂಥ ಮನೆಯವರಿಗಾಗಿ ಈ ಬರಹ. ಗೊತ್ತಿರುವವರು ಪುಟ ತಿರುವಬಹುದು.

ಮೊದಲ ಪ್ರಶ್ನೆ ಎಲ್ಲರದೂ ಒಂದೇ: “ಸಾರ್, ನಮ್ಮ ಹುಡುಗಿಗೆ ಇಷ್ಟೊಂದು ಮಾರ್ಕ್ಸ್ ಇದೆ, ಎದುರುಮನೆ ಹುಡುಗನಿಗೆ ಅಷ್ಟಿಲ್ಲ. ಅವನಿಗೆ ಹೇಗೆ ಸೀಟ್ ಬಂತು?” ಉತ್ತರಕ್ಕೆ ಒಂದು ಹಾಳೆ ತೆಗೆದುಕೊಳ್ಳಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ. ಪಿಯುಸಿಯಲ್ಲಿ ಮೂರೂ ಸೇರಿ 300, ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180. ನಿಮ್ಮ ಹುಡುಗಿಗೆ 300ಕ್ಕೆ 290, ಸಿಇಟಿಯಲ್ಲಿ 180ಕ್ಕೆ 105 ಎಂದಿಟ್ಟುಕೊಳ್ಳೋಣ. ಶೇಕಡಾ ಮಾಡಿದರೆ 96.67 ಮತ್ತು 58.33, ಸರಾಸರಿ 77.5. ಎದುರುಮನೆ ಹುಡುಗನಿಗೆ 300ಕ್ಕೆ 270, ಸಿಇಟಿಯಲ್ಲಿ 135. ಅವನದು 90 ಮತ್ತು 75, ಸರಾಸರಿ 82.5. ಬೀದಿಯವರೆಲ್ಲ ಸಿಹಿ ತಿಂದದ್ದು ಹುಡುಗಿಯ ಮನೆಯಲ್ಲಿ, ರ‍್ಯಾಂಕ್ ಪಟ್ಟಿಯಲ್ಲಿ ಮುಂದಿರುವುದು ಹುಡುಗ. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಸಿಇಟಿಯ ಮೂರು ಅಂಕಕ್ಕೆ ಪಿಯುಸಿಯ ಐದು ಅಂಕದಷ್ಟು ಬೆಲೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಟ್ಟುಬಂದ ‘ಪ್ರಾಮಾಣಿಕ’ ಮಕ್ಕಳು ಇಲ್ಲೇ ನಾಲ್ಕಾರು ಅಂಕ ಕಳೆದುಕೊಂಡಿರುತ್ತಾರೆ.

ಪಿಯುಸಿ ಅಂಕಕ್ಕೆ ಬೆಲೆಯೇ ಇಲ್ಲವೇ ಎಂದರೆ, ಇದೆ. ಆದರೆ ಮೇಲ್ತುದಿಯಲ್ಲಿ ಎಲ್ಲರೂ ಒತ್ತಿಕೊಂಡು ನಿಂತಿರುತ್ತಾರೆ. ಇದರ ಅತಿರೇಕವನ್ನು ನಾವು 2021ರಲ್ಲಿ ಕಂಡೆವು. ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು, ಹಿಂದಿನ ಅಂಕಗಳ ಆಧಾರದ ಮೇಲೆ ಫಲಿತಾಂಶ ಕೊಟ್ಟರು. 600ಕ್ಕೆ 600 ಪಡೆದವರು 2,239 ಮಂದಿ! ಪೂರ್ಣಾಂಕ ಪಡೆದವರೇ ಒಂದು ಸಣ್ಣ ಊರಿನಷ್ಟು ಜನರಿದ್ದಾಗ ಆ ಅಂಕಪಟ್ಟಿ ಹಿಡಿದು ಯಾವ ಕಾಲೇಜಿನ ಬಾಗಿಲು ತಟ್ಟುವುದು? ಆ ಬ್ಯಾಚಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವರಲ್ಲಿ ಸಾವಿರಾರು ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದರು. ಪರೀಕ್ಷೆಯಿಲ್ಲದೆ ಬಂದ ಅವರ ಪಿಯು ಅಂಕವನ್ನು ಕೆಇಎ ರ‍್ಯಾಂಕಿಗೆ ಪರಿಗಣಿಸಲಿಲ್ಲ. ಒಳ್ಳೊಳ್ಳೆಯ ಮಕ್ಕಳ ರ‍್ಯಾಂಕು ಎಲ್ಲೋ ಲಕ್ಷದಾಚೆ ಹೋಗಿ ಬಿತ್ತು. ವಿಷಯ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಆ ಅಂಕವನ್ನೂ ಪರಿಗಣಿಸಬೇಕೆಂದು ಏಕಸದಸ್ಯ ಪೀಠ ಹೇಳಿತು. ಆಗ ಆ ವರ್ಷವೇ ಪರೀಕ್ಷೆ ಬರೆದು ಬಂದವರು ಗಾಬರಿಯಾದರು. ಕೊನೆಗೆ ಹಳೆಯ ಬ್ಯಾಚಿನವರ ಪಿಯು ಅಂಕದಲ್ಲಿ ಸ್ವಲ್ಪ ಕಡಿತ ಮಾಡಿ ಹೊಸ ರ‍್ಯಾಂಕ್ ಪಟ್ಟಿ ಹೊರಡಿಸುವ ಸೂತ್ರಕ್ಕೆ ವಿಭಾಗೀಯ ಪೀಠದಲ್ಲಿ ಒಪ್ಪಿಗೆಯಾಯಿತು. ಅದೇ ಮಗು, ಅದೇ ಅಂಕ. ಲೆಕ್ಕ ಹಾಕುವ ವಿಧಾನ ಬದಲಾದಾಗ ಜಾಗವೂ ಬದಲಾಯಿತು.

ಇದರ ಚಿಕ್ಕ ರೂಪ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಕಾಲೇಜಿಗೆ ಅರ್ಜಿ ಹಾಕುವಾಗಲೇ ಎದುರಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಪಡೆದವರು 2021ರಲ್ಲಿ 157, 2022ರಲ್ಲಿ 145. 2023ರಲ್ಲಿ ನಾಲ್ವರು, 2024ರಲ್ಲಿ ಒಬ್ಬರೇ, 2025ರಲ್ಲಿ 22. ಅಣ್ಣನಿಗೆ 2022ರಲ್ಲಿ 605 ಬಂದು ಎರಡನೇ ಪಟ್ಟಿಗೂ ಕಾಯಬೇಕಾಯಿತು, ತಂಗಿಗೆ ಎರಡು ವರ್ಷದ ನಂತರ ಅಷ್ಟೇ ಅಂಕ ಬಂದು ಮೊದಲ ಪಟ್ಟಿಯಲ್ಲೇ ಹೆಸರು ಬಂತು ಎಂದರೆ ತಂಗಿ ಹೆಚ್ಚು ಜಾಣೆ ಎಂದೇನಲ್ಲ. ಆ ವರ್ಷ ಮುಂದೆ ನಿಂತವರು ಕಡಿಮೆ, ಅಷ್ಟೆ. ಪಿಯು ಕಾಲೇಜಿನ ಪಟ್ಟಿಯ ವಿಷಯದಲ್ಲಿ ಒಂದೇ ಸೂಚನೆ: ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾಲೇಜಿನ ಕಚೇರಿಗೆ ಹೋಗಿ ಎರಡನೇ ಪಟ್ಟಿ ಯಾವತ್ತು ಹಾಕುತ್ತಾರೆ, ಶುಲ್ಕ ಕಟ್ಟಲು ಎಷ್ಟು ದಿನ ಕೊಡುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಫೋನ್ ಮಾಡಿ ತಿಳಿಸುತ್ತಾರೆ ಎಂದು ಕಾಯಬೇಡಿ.

ಈಗ ಸಿಇಟಿ ಸಾಲಿಗೆ ಬರೋಣ. ಒಂದೇ ಸಾಲು ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅಲ್ಲಿ ಹತ್ತಾರು ಸಾಲುಗಳಿವೆ. ಅನುದಾನರಹಿತ ಖಾಸಗಿ ಕಾಲೇಜೊಂದರಲ್ಲಿ ಒಂದು ಬ್ರಾಂಚಿಗೆ 60 ಸೀಟು ಎನ್ನಿ. ಸಾಮಾನ್ಯವಾಗಿ ಅದರಲ್ಲಿ ಶೇ 45 ಸರ್ಕಾರದ ಪಾಲು, ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆ, ಶೇ 25 ಮ್ಯಾನೇಜ್‌ಮೆಂಟ್. 60ರಲ್ಲಿ 27 ಮಾತ್ರ ಕೆಇಎ ಕೈಗೆ ಬಂತು. ಈಗಿನ ಮೀಸಲಾತಿ ಪ್ರಮಾಣ, ಪರಿಶಿಷ್ಟ ಜಾತಿ 17, ಪರಿಶಿಷ್ಟ ಪಂಗಡ 7, ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5, ಒಟ್ಟು ಶೇ 56. ಉಳಿದ ಶೇ 44 ಜನರಲ್ ಮೆರಿಟ್, ಅಂದರೆ ಹನ್ನೆರಡರ ಆಸುಪಾಸು. ಅದರೊಳಗೂ ಗ್ರಾಮೀಣ, ಕನ್ನಡ ಮಾಧ್ಯಮ, ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದ ಪಾಲುಗಳಿವೆ. ಇಡೀ ರಾಜ್ಯದ ಮಕ್ಕಳು ಕಣ್ಣಿಟ್ಟಿರುವ ಒಂದು ಬ್ರಾಂಚಿನಲ್ಲಿ ಬೇರೆ ಯಾವ ಗುರುತೂ ಇಲ್ಲದ ಸೀಟು ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು.

ಇಲ್ಲಿಗೆ ಬಂದ ಕೂಡಲೇ ಕೆಲವರು ಮೀಸಲಾತಿಯ ಕಡೆ ಬೆರಳು ತೋರಿಸುತ್ತಾರೆ. 60ರಲ್ಲಿ 33 ಸೀಟು ಸಿಇಟಿಯ ಪಟ್ಟಿಗೇ ಬರಲಿಲ್ಲವಲ್ಲ, ಅದು ಅವರ ಲೆಕ್ಕದಲ್ಲಿ ಯಾಕೆ ಬರುವುದಿಲ್ಲ ಎಂಬುದು ನನಗೆ ಅರ್ಥವಾಗಿಲ್ಲ. ಸಿಇಟಿ ಬರುವ ಮೊದಲು ಇದಕ್ಕಿಂತ ಕೆಟ್ಟದಿತ್ತು ಎಂಬುದನ್ನೂ ಹೊಸಬರು ತಿಳಿದಿರಬೇಕು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾನೂನು ಮಾಡಿತ್ತು. ಆದರೂ ಹಣ ಕೊಟ್ಟವರಿಗೆ ಸೀಟು ಎಂಬ ಪದ್ಧತಿ ಹೋಗಲಿಲ್ಲ. ನಮ್ಮ ರಾಜ್ಯದ್ದೇ ಒಂದು ವೈದ್ಯಕೀಯ ಸೀಟಿನ ಜಗಳ ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಗಿ ಕ್ಯಾಪಿಟೇಶನ್ ಸಲ್ಲದೆಂದು 1992ರಲ್ಲಿ ತೀರ್ಪು ಬಂತು, ಮರುವರ್ಷ ಅದೇ ವಿಷಯದ ಉನ್ನಿಕೃಷ್ಣನ್ ತೀರ್ಪು. ಅದರ ಬೆನ್ನಲ್ಲೇ 1994ರಿಂದ ರಾಜ್ಯದಲ್ಲಿ ಸಿಇಟಿ. ಹೆಸರು, ಊರು, ಶಿಫಾರಸು ಯಾವುದನ್ನೂ ಕೇಳದೆ ರ‍್ಯಾಂಕ್ ಪ್ರಕಾರ ಸೀಟು ಹಂಚುವ ಈ ಯಂತ್ರದ ಬಗ್ಗೆ ನನಗೆ ದೂರುಗಳಿವೆ. ಆದರೆ ಅದು ಇಲ್ಲದ ಕಾಲ ಬೇಡ.

ನಿಮಗೆ ಹಕ್ಕಿರುವ ಸಾಲಿನಲ್ಲಿ ನೀವು ನಿಂತಿದ್ದೀರಾ ಎಂದು ನೋಡಿಕೊಳ್ಳುವುದು ನಿಮ್ಮದೇ ಕೆಲಸ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬಂದಿರುತ್ತದೆ, ಅದರ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಒಂದು ನಂಬರಿರುತ್ತದೆ. ಅರ್ಜಿಯಲ್ಲಿ ಆ ನಂಬರು ಒಂದು ಅಂಕೆ ತಪ್ಪಿದರೂ, ಪ್ರಮಾಣಪತ್ರದಲ್ಲಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ತಾಳೆಯಾಗದಿದ್ದರೂ ಮೀಸಲಾತಿ ಕೋರಿಕೆ ಬಿದ್ದುಹೋಗಿ ಮಗು ಜನರಲ್ ಮೆರಿಟ್ ಸಾಲಿಗೆ ತಳ್ಳಲ್ಪಡಬಹುದು. ಅಂಕ ಕಡಿಮೆಯಾಯಿತೆಂದು ಅತ್ತ ಮನೆಗಳಲ್ಲಿ ಕೆಲವು ನಿಜವಾಗಿ ಈ ನಂಬರಿನ ಮನೆಗಳು. ಇನ್ನೊಂದು ವಿಷಯ: ವಿದ್ಯಾರಣ್ಯಪುರಂ ನಗರದೊಳಗಿನ ಬಡಾವಣೆ, ಇಲ್ಲೇ ಓದಿದವರಿಗೆ ಗ್ರಾಮೀಣ ಕೋಟಾ ಇಲ್ಲ. ಆದರೆ ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಶೇ 5ರ ಪಾಲಿದೆ. ನಮ್ಮ ಬೀದಿಗಳ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳಲ್ಲಿ ಎಷ್ಟೋ ಮಂದಿ ಇದನ್ನು ಅರ್ಜಿಯಲ್ಲಿ ಗುರುತು ಮಾಡಿರುವುದೇ ಇಲ್ಲ. ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡಾರು ಎಂಬ ಸಂಕೋಚವಂತೆ!

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ಬರೆದುಕೊಡುವುದು. ಸೀಟು ತಪ್ಪುವುದೂ ಸಿಗುವುದೂ ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ.

ಕಂಪ್ಯೂಟರ್ ಮಾಡುವುದು ಬಹಳ ಸರಳ ಕೆಲಸ. ಮೊದಲ ರ‍್ಯಾಂಕಿನವರನ್ನು ಕರೆಯುತ್ತದೆ, ಅವರ ಪಟ್ಟಿಯ ಮೊದಲ ಆಪ್ಷನ್ ನೋಡುತ್ತದೆ, ಸೀಟಿದ್ದರೆ ಕೊಡುತ್ತದೆ. ಆಮೇಲೆ ಎರಡನೇ ರ‍್ಯಾಂಕು. ಹೀಗೆಯೇ ನಿಮ್ಮ ಮಗುವಿನ ಸರದಿ ಬರುವವರೆಗೆ. ಮಗುವಿನ ಪಟ್ಟಿ ಹೀಗಿದೆ ಎನ್ನಿ: ಒಂದು, ಬೆಂಗಳೂರಿನ ದೊಡ್ಡ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್, ಎರಡು, ಎನ್‌ಐಇಯಲ್ಲಿ ಕಂಪ್ಯೂಟರ್ ಸೈನ್ಸ್, ಮೂರು, ಎಸ್‌ಜೆಸಿಇಯಲ್ಲಿ ಎಲೆಕ್ಟ್ರಾನಿಕ್ಸ್. ಸರದಿ ಬಂದಾಗ ಮೊದಲನೆಯದು ತುಂಬಿಹೋಗಿದೆ. ಕಂಪ್ಯೂಟರ್ ಮುನಿಸಿಕೊಳ್ಳುವುದಿಲ್ಲ, ಎರಡನೆಯದನ್ನು ನೋಡುತ್ತದೆ. ಅದೂ ಇಲ್ಲದಿದ್ದರೆ ಮೂರನೆಯದು. ಎನ್‌ಐಇಯನ್ನು ಮೊದಲ ಸ್ಥಾನದಲ್ಲಿ ಹಾಕಿದ ಇನ್ನೊಬ್ಬ ಹುಡುಗ ನಿಮ್ಮ ಮಗುವಿಗಿಂತ ಕೆಳಗಿನ ರ‍್ಯಾಂಕಿನಲ್ಲಿದ್ದರೆ, ಅವನು ‘ಮೊದಲು ಹಾಕಿದ್ದಾನೆ’ ಎಂಬ ಕಾರಣಕ್ಕೆ ಮುಂದೆ ಬರುವುದಿಲ್ಲ. “ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಸಿಗುವ ಕಾಲೇಜೂ ಕೈತಪ್ಪುತ್ತದೆ” ಎಂಬ ಮಾತನ್ನು ಸೈಬರ್ ಸೆಂಟರಿನಲ್ಲಿ ಕೇಳಿದ್ದರೆ ಅಲ್ಲೇ ಬಿಟ್ಟುಬನ್ನಿ. ಆಸೆಯ ಕ್ರಮದಲ್ಲೇ ಬರೆಯಿರಿ.

ಅಪಾಯ ಇರುವುದು ಇನ್ನೊಂದು ತುದಿಯಲ್ಲಿ. ಚೆನ್ನಾಗಿ ಓದುವ ಮಕ್ಕಳ ಮನೆಯಲ್ಲಿ “ನಮಗೆ ಇಷ್ಟು ಸಾಕು” ಎಂದು ಐದಾರು ಆಪ್ಷನ್ ಹಾಕಿ ನಿಲ್ಲಿಸುತ್ತಾರೆ. ಅವೆಲ್ಲ ತುಂಬಿದ್ದರೆ ಕಂಪ್ಯೂಟರಿಗೆ ಕೊಡಲು ಏನೂ ಇಲ್ಲ, ಅದು ‘ನೋ ಸೀಟ್’ ಎಂದು ಬರೆದು ಮುಂದಿನ ರ‍್ಯಾಂಕಿಗೆ ಹೋಗುತ್ತದೆ. ಸಾವಿರಾರು ರ‍್ಯಾಂಕು ಹಿಂದಿರುವವರಿಗೆ ಸೀಟು ಬಂದು ನಿಮ್ಮ ಮಗುವಿಗೆ ಬಾರದಿರುವುದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಇದು. ಒಂದೇ ಕಾಲೇಜು ಅನುದಾನಿತ, ಅನುದಾನರಹಿತ ಎಂದು ಎರಡು ಕಡೆ, ಬೇರೆ ಬೇರೆ ಶುಲ್ಕದೊಂದಿಗೆ ಇರುವುದೂ ಉಂಟು. ಒಂದು ಸಾಲು ಹಾಕಿ ಇನ್ನೊಂದನ್ನು ಮರೆತರೆ ಬಾಗಿಲನ್ನು ಅರ್ಧ ಮುಚ್ಚಿಕೊಂಡಂತೆಯೇ. ಮಾಕ್ ಅಲಾಟ್‌ಮೆಂಟ್ ಎಂದು ಮೊದಲು ಒಂದು ಪರೀಕ್ಷಾರ್ಥ ಫಲಿತಾಂಶ ಬರುತ್ತದೆ. ಅಲ್ಲಿ ಬಂದದ್ದು ಸೀಟಲ್ಲ, ಅಲ್ಲಿ ಬರದದ್ದು ಸೋಲೂ ಅಲ್ಲ. ಅದನ್ನು ನೋಡಿ ಪಟ್ಟಿ ತಿದ್ದಲು, ಉದ್ದ ಮಾಡಲು ಸಮಯ ಕೊಡುತ್ತಾರೆ. ಆ ಎರಡು ಮೂರು ದಿನ ಊರಿಗೆ ಹೋಗಬೇಡಿ.

ಕಟ್‌ಆಫ್ ಬಗ್ಗೆಯೂ ಒಂದು ಮಾತು. ಕಾಲೇಜಿನವರು ಕೂತು ನಿಗದಿ ಮಾಡಿದ ಗೆರೆ ಅದು ಎಂದು ಬಹಳ ಮಂದಿ ನಂಬಿದ್ದಾರೆ. ಹೋದ ವರ್ಷ ಆ ಬ್ರಾಂಚಿಗೆ ಕೊನೆಯದಾಗಿ ಸೀಟು ಸಿಕ್ಕ ಮಗುವಿನ ರ‍್ಯಾಂಕು ಅದು, ಬೇರೇನಲ್ಲ. ಯಾವ ಸುತ್ತಿನದು, ಯಾವ ವರ್ಗದ್ದು ಎಂದು ನೋಡದೆ ಕಟ್‌ಆಫ್ ಓದಿದರೆ ದಾರಿ ತಪ್ಪುತ್ತದೆ. ಮೊದಲ ಸುತ್ತಿನದಕ್ಕೂ ಕೊನೆಯ ಸುತ್ತಿನದಕ್ಕೂ ಕೆಲವು ಬ್ರಾಂಚುಗಳಲ್ಲಿ ದೊಡ್ಡ ಅಂತರವಿರುತ್ತದೆ. ಕಾಯುವವರ ಆಸೆಗೆ ಆಧಾರವೇ ಆ ಅಂತರ.

ಅಂತರ ಯಾಕೆ ಬರುತ್ತದೆ? ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಎದ್ದರೆ ಎರಡನೇ ಪಂಕ್ತಿ ಕೂರುವಂತೆ, ಮುಂದಿನವರು ಎದ್ದುಹೋದಾಗ ಮಾತ್ರ ಈ ಸಾಲು ಸರಿಯುತ್ತದೆ. ಅವರು ಯಾವಾಗ ಏಳುತ್ತಾರೆ ಎಂದು ತಿಳಿದಿದ್ದರೆ ಕಾಯುವುದು ಸುಲಭ. ಜೆಇಇ ಬರೆದವರಿಗೆ ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ಸುತ್ತುಗಳಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಯೋ ಧಾರವಾಡದ ಐಐಟಿಯೋ ಸಿಕ್ಕಾಗ ಮೇಲಿನ ರ‍್ಯಾಂಕಿನ ಒಂದು ಗುಂಪು ಏಳುತ್ತದೆ. ನೀಟ್ ಮೂಲಕ ವೈದ್ಯಕೀಯ ಸೀಟು ಸಿಕ್ಕಾಗ ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯದಿಂದ ಇನ್ನೊಂದು ಗುಂಪು. ಕಾಮೆಡ್‌ಕೆಯಲ್ಲಿ ಬೇಕಾದ ಬ್ರಾಂಚ್ ಸಿಕ್ಕವರು, ಹಣ ಕಟ್ಟಬಲ್ಲವರು, ಮತ್ತೊಂದು ಗುಂಪು. ನೀಟ್ ತಡವಾದ ವರ್ಷ ಸಾಲು ಸರಿಯುವುದೂ ತಡ.

ಸೀಟು ಬಂದ ಮೇಲೆ ಕೆಇಎ ನಾಲ್ಕು ಚಾಯ್ಸ್ ಕೊಡುತ್ತದೆ. ಚಾಯ್ಸ್ ಒಂದು: ಒಪ್ಪಿಗೆ, ಶುಲ್ಕ ಕಟ್ಟಿ ಕಾಲೇಜಿಗೆ ಸೇರುತ್ತೇನೆ. ನಾಲ್ಕು: ನನಗೆ ಬೇಡವೇ ಬೇಡ. ಇವೆರಡರಲ್ಲಿ ಗೊಂದಲವಿಲ್ಲ. ಎರಡು ಎಂದರೆ ಈ ಸೀಟು ಇರಲಿ, ಶುಲ್ಕ ಕಟ್ಟುತ್ತೇನೆ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಕೊಡಿ. ಮೂರು ಎಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಮಾತ್ರ ನನ್ನನ್ನು ಇಟ್ಟುಕೊಳ್ಳಿ. ಅಂಕ ಚೆನ್ನಾಗಿರುವ ಮಕ್ಕಳು ಸಿಟ್ಟಿನಲ್ಲಿ ಮೂರನ್ನು ಒತ್ತುತ್ತಾರೆ. ಒತ್ತಿದ ಕ್ಷಣ ಆ ಸೀಟು ಬೇರೆಯವರಿಗೆ ಹೋಗುತ್ತದೆ, ಮುಂದಿನ ಸುತ್ತಿನಲ್ಲಿ ಏನೂ ಸಿಗದಿರಬಹುದು. ಹಣ ಹೊಂದಿಸಬಹುದಾದರೆ ಎರಡೇ ಒಳ್ಳೆಯದು. ಆದರೆ ಎರಡರಲ್ಲೂ ಒಂದು ಮುಳ್ಳಿದೆ: ಮೇಲಿನ ಆಪ್ಷನ್ ಸಿಕ್ಕಿತೆಂದರೆ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗುತ್ತದೆ, ವಾಪಸು ಕೇಳುವಂತಿಲ್ಲ. ಮೈಸೂರಿನಲ್ಲೇ ಓದಬೇಕೆಂದಿರುವ ಹುಡುಗಿ ಬೆಳಗಾವಿಯ ಕಾಲೇಜನ್ನು ಸುಮ್ಮನೆ ಮೇಲಿಟ್ಟಿದ್ದರೆ ಒಂದು ದಿನ ಬೆಳಗಾವಿಯೇ ಗತಿ. ಸುತ್ತುಗಳ ಸಂಖ್ಯೆ, ಕಟ್ಟಬೇಕಾದ ಮೊತ್ತ, ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅಣ್ಣನ ಕಾಲದ ನಿಯಮವನ್ನು ತಂಗಿಗೆ ಹಚ್ಚಬೇಡಿ.

ಮುಂದಿನವರು ಏಳದಂತೆ ಮಾಡುವ ದಂಧೆಯೂ ಇದೆ. ಒಳ್ಳೆಯ ರ‍್ಯಾಂಕಿನ, ಆದರೆ ಸೇರುವ ಇರಾದೆಯಿಲ್ಲದ ಅಭ್ಯರ್ಥಿಗಳ ಹೆಸರಿನಲ್ಲಿ ಬೇಡಿಕೆಯ ಕಾಲೇಜಿನ ಸೀಟು ಹಿಡಿಸುವುದು, ಕೊನೆಯ ಸುತ್ತು ಮುಗಿದ ಮೇಲೆ ಅವರು ಸೇರದೆ ಸೀಟು ಖಾಲಿ ಬೀಳುವುದು, ಅದು ಮ್ಯಾನೇಜ್‌ಮೆಂಟಿಗೆ ಹೋಗಿ ಮಾರಾಟವಾಗುವುದು. ಸೀಟ್ ಬ್ಲಾಕಿಂಗ್ ಎಂದರೆ ಇದೇ. 2024ರ ಕೊನೆಯಲ್ಲಿ ಕೆಇಎಯೇ ಪೊಲೀಸರಿಗೆ ದೂರು ಕೊಟ್ಟು ಬಂಧನಗಳಾದವು. ಹೀಗೆ ಖಾಲಿ ಬಿದ್ದ ಪ್ರತಿ ಸೀಟಿನ ಹಿಂದೆ ಆ ಸಾಲಿನಲ್ಲಿ ನಿಂತಿದ್ದ ಒಂದು ಮಗುವಿದೆ. ಆದ್ದರಿಂದ ಮಗುವಿನ ಸಿಇಟಿ ಲಾಗಿನ್, ಪಾಸ್‌ವರ್ಡ್, ಓಟಿಪಿ ಯಾವ ‘ಕನ್ಸಲ್ಟೆಂಟ್’ ಕೈಗೂ ಕೊಡಬೇಡಿ, ಎಷ್ಟೇ ಪರಿಚಯದವರಾದರೂ.

ಈವರೆಗೆ ಹೇಳಿದ ಸಾಲಿನಲ್ಲಿ ನಿಮ್ಮ ಸಂಖ್ಯೆ ನಿಮಗೆ ಗೊತ್ತಿರುತ್ತದೆ. ಎಲ್ಲ ಕಡೆ ಹಾಗಿಲ್ಲ. ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ‘ವೇಟ್‌ಲಿಸ್ಟ್’ ಎಂದು ಪತ್ರ ಬಂದಾಗ ಇಲ್ಲಿನ ಅಜ್ಜ ಅಜ್ಜಿ ಮೊದಲು ಕೇಳುವುದು “ನಂಬರೆಷ್ಟು?” ಎಂದೇ. ಅಲ್ಲಿ ಬಹುತೇಕ ಕಾಲೇಜುಗಳಲ್ಲಿ ಆ ಪಟ್ಟಿಗೆ ನಂಬರೇ ಇಲ್ಲ. ಮೇ 1ರ ಹೊತ್ತಿಗೆ ಸೀಟು ಸಿಕ್ಕವರು ಬರುತ್ತೇವೆಂದೋ ಬರುವುದಿಲ್ಲವೆಂದೋ ತಿಳಿಸುತ್ತಾರೆ. ಯಾವ ವಿಭಾಗದಲ್ಲಿ ಎಷ್ಟು ಜಾಗ ಉಳಿಯಿತು ಎಂದು ನೋಡಿಕೊಂಡು ಕಾಲೇಜು ತನಗೆ ಬೇಕಾದವರನ್ನು ಕರೆಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ ಪ್ರವೇಶಕ್ಕೆ ಎಸ್‌ಎಟಿ ಅಂಕವನ್ನೇ ನೋಡುವುದಿಲ್ಲ. ಅಲ್ಲಿನ ಮಗು ಮಾಡಬೇಕಾದ್ದು ಎರಡು: ಕಾಯುತ್ತೇನೆ ಎಂದು ಮರುಪತ್ರ ಬರೆಯುವುದು, ಸಿಕ್ಕಿರುವ ಇನ್ನೊಂದು ಕಾಲೇಜಿಗೆ ಗಡುವಿನೊಳಗೆ ಹಣ ಕಟ್ಟುವುದು.

ಎಲ್ಲ ಸುತ್ತೂ ಮುಗಿಯಿತು, ಬೇಕಾದದ್ದು ಬರಲಿಲ್ಲ. ಆಗ? ಸಿಕ್ಕ ಕಾಲೇಜಿಗೆ ಸೇರಿ ಮೊದಲ ವರ್ಷ ಚೆನ್ನಾಗಿ ಓದಿದರೆ ಎರಡನೇ ವರ್ಷಕ್ಕೆ ಬ್ರಾಂಚ್ ಬದಲಿಸಿಕೊಳ್ಳಲು ಅರ್ಜಿ ಹಾಕಬಹುದು, ಖಾಲಿ ಸೀಟಿರಬೇಕು. ಮನೆಯಲ್ಲಿ ಒಪ್ಪಿದರೆ ಒಂದು ವರ್ಷ ನಿಂತು ಮತ್ತೆ ಬರೆಯುವುದೂ ತಪ್ಪಲ್ಲ. ಮೊದಲ ಹಾಳೆಯ ಆ ಹುಡುಗಿಯನ್ನೇ ತೆಗೆದುಕೊಳ್ಳಿ. ಅವಳ 290 ಹಾಗೆಯೇ ಉಳಿಯುತ್ತದೆ, ಆ ಅರ್ಧಕ್ಕೆ ಮತ್ತೆ ಕೂರಬೇಕಿಲ್ಲ. ಸಿಇಟಿಯ 105 ಮುಂದಿನ ವರ್ಷ 130 ಆದರೆ ಸರಾಸರಿ 84.4, ಎದುರುಮನೆ ಹುಡುಗನಿಗಿಂತ ಮೇಲೆ. ಪಿಯು ಅಂಕವೇ ಕಡಿಮೆಯಾದವರಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕ ಉಳಿಯುತ್ತದೆ; ಅದಕ್ಕಾಗಿ ಇಡೀ ವರ್ಷ ಕಾಯಬೇಕಿಲ್ಲ. ಮತ್ತೆ ಬರೆಯುವುದೇ ಆದರೆ ಆ ತೀರ್ಮಾನವನ್ನು ಆಗಸ್ಟಿನಲ್ಲೇ ಮಾಡಿ. ಸೆಪ್ಟೆಂಬರ್, ಅಕ್ಟೋಬರ್ ತನಕ ಕೊನೆಯ ಸುತ್ತನ್ನು ಕಾಯುತ್ತಾ ಕೂತವರಿಗೆ ಓದಲು ಉಳಿಯುವುದು ಅರ್ಧ ವರ್ಷ ಮಾತ್ರ.